ಮೂವತ್ತೆಂಟನೇ ಕಿಲೋಮೀಟರಿನ ಎಡಬದಿ

ಫೆಬ್ರವರಿ 3, ಸೋಮವಾರ

ಕೆಲಸ ಸಿಕ್ಕಿತು. ಆರು ವಾರದ್ದಾದರೂ ಕೆಲಸವೇ. ನಗರದ ಮ್ಯಾರಥಾನ್ ನಡೆಸುವ ಕಚೇರಿಯಲ್ಲಿ ಕೈಪಿಡಿ ಬರೆಯಬೇಕು: ಓಟಗಾರರ ಪರಿಚಯ, ದಾರಿಯ ವಿವರ, ನೀರು ಎಲ್ಲಿ ಸಿಗುತ್ತದೆ, ಶೌಚಾಲಯ ಎಲ್ಲಿದೆ, ಇತ್ಯಾದಿ. ಸಂದರ್ಶನದಲ್ಲಿ ನಾನು ಒಟ್ಟು ಹತ್ತು ಹನ್ನೊಂದು ಮಾತು ಆಡಿರಬೇಕು. ಮುಖ್ಯಸ್ಥೆ ಹಿಂದೆ ಶಾಲೆಯಲ್ಲಿ ಆಟದ ಮೇಡಂ ಆಗಿದ್ದವರಂತೆ. ಈಗಲೂ ಕೊರಳಲ್ಲಿ ಸೀಟಿ ನೇತಾಡುತ್ತಿರುತ್ತದೆ. ಕಚೇರಿಯವರೆಲ್ಲ ಬೆನ್ನ ಹಿಂದೆ ಅವರನ್ನು ‘ಸೀಟಿ’ ಎಂದೇ ಕರೆಯುತ್ತಾರೆ.

“ಸಾಹಿತ್ಯ ಓದಿದ್ದೀರಿ. ಅಂದ್ರೆ ಕಾಗುಣಿತ ತಪ್ಪಾಗಲ್ಲ, ಅಲ್ವಾ?”

“ಆಗಲ್ಲ ಮೇಡಂ.”

“ನಾಳೆಯಿಂದ ಬನ್ನಿ.”

ಇಡೀ ದಾರಿ ಈ ಸುದ್ದಿಯನ್ನು ಮನೆಯಲ್ಲಿ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ. ಬಾಗಿಲು ತೆರೆದರೆ ಕೋಣೆಯ ತುಂಬ ರಟ್ಟಿನ ಚೂರು. ತಂಗಿಯ ಗಾಲಿಕುರ್ಚಿ ರೇಸಿನ ಗಾಡಿಗೆ ಹೊಸ ಚಕ್ರ ಬಂದಿತ್ತು. ಅಪ್ಪ ಮಂಡಿಯೂರಿ ಕೂತು ಒಂದು ಚಕ್ರವನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಿದ್ದರು. ಅಮ್ಮ ಕಿವಿಗೊಟ್ಟು ನಿಂತಿದ್ದಳು.

“ನನಗೆ ಕೆಲಸ ಸಿಕ್ತು” ಅಂದೆ.

“ಶ್! ಒಂದು ನಿಮಿಷ. ಸದ್ದು ಬರುತ್ತಾ ಅಂತ ಕೇಳಿಸ್ಕೋತಿದೀವಿ” ಅಂದರು ಅಪ್ಪ.

ಚಕ್ರದಿಂದ ಸದ್ದು ಬರಲಿಲ್ಲ. ಎಲ್ಲರಿಗೂ ಬಹಳ ಸಂತೋಷವಾಯಿತು.

ಫೆಬ್ರವರಿ 6, ಗುರುವಾರ

ಹೋದ ವರ್ಷ ಕೈಪಿಡಿ ಬರೆದವನು ನಕ್ಷೆ ನೋಡಿಕೊಂಡೇ ದಾರಿಯನ್ನು ವರ್ಣಿಸಿದ್ದನಂತೆ. ಇಲ್ಲದ ಉದ್ಯಾನದ ಇಲ್ಲದ ನೆರಳನ್ನು ನಂಬಿ ಎಷ್ಟೋ ಜನ ಬಿಸಿಲಲ್ಲಿ ಬೆಂದರಂತೆ. “ನೀವು ನಲವತ್ತೆರಡು ಕಿಲೋಮೀಟರೂ ನಡೆದು ನೋಡಿ ಬರೀಬೇಕು” ಅಂದರು ಸೀಟಿ. “ಒಂದೇ ದಿನ ಅಲ್ಲ ಮಾರಾಯ್ರೆ, ಯಾಕೆ ಮುಖ ಹಾಗೆ ಮಾಡ್ತೀರಿ?” ನಾನು ಮುಖ ಏನೂ ಮಾಡಿರಲಿಲ್ಲ. ಖುಷಿಯಾದಾಗ ನನ್ನ ಮುಖ ಹಾಗೇ ಆಗುತ್ತದೆ.

ದಾರಿಯ ವಿವರ ಬರೆಯಲು, ಈ ದಿನಚರಿಯಲ್ಲದೆ, ಒಂದು ಕಪ್ಪು ರಟ್ಟಿನ ನೋಟ್‌ಬುಕ್ ಕೊಂಡೆ. ಅದು ನನ್ನದು. ಅದರಲ್ಲಿ ತಂಗಿಗೆ ಸಂಬಂಧಿಸಿದ್ದು ಏನೂ ಇರುವುದಿಲ್ಲ.

ಈ ಸಲದ ಓಟ ಅವಳ ಮೊದಲ ದೊಡ್ಡ ಓಟ. ಹೆಂಗಸರ ಗಾಲಿಕುರ್ಚಿ ವಿಭಾಗದಲ್ಲಿ ಮೊದಲ ಮೂವರಿಗೆ ಮುಂದಿನ ವರ್ಷದ ವಿಶ್ವ ಪಂದ್ಯಕ್ಕೆ ನೇರ ಪ್ರವೇಶ. ನಾಲ್ಕನೆಯವರು ಮತ್ತೆ ಆಯ್ಕೆಯ ಸುತ್ತುಗಳಿಗೆ ಹೋಗಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಇದನ್ನು ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ.

ಅವಳಿಗೆ ಜ್ವರ ಬಂದು ಕಾಲು ಹೋದಾಗ ಅವಳಿಗೆ ಆರು, ನನಗೆ ಒಂಬತ್ತು. ಅಲ್ಲಿಯವರೆಗೆ ಅಪ್ಪ ಒಬ್ಬೊಬ್ಬರನ್ನು ಒಂದೊಂದು ಭುಜದ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಆಮೇಲೆ ನನ್ನನ್ನು ಯಾರೂ ಎತ್ತಿಕೊಳ್ಳಲಿಲ್ಲ. ಇದನ್ನು ಯಾರಿಗೂ ಹೇಳುವಂತಿಲ್ಲ. ಹೇಳಿದರೆ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ ಎನ್ನುತ್ತಾರೆ. ಅದಕ್ಕೇ ಈ ದಿನಚರಿಯಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ 11, ಮಂಗಳವಾರ

ಮೊದಲ ಎಂಟು ಕಿಲೋಮೀಟರು ಮುಗಿಯಿತು. ಅಂಚೆ ಕಚೇರಿಯ ಗಡಿಯಾರದ ಮೇಲೆ ಬಿದ್ದ ಬೆಳಗಿನ ಬಿಸಿಲು, ಬಾಗಿಲು ತೆರೆಯುವ ಮುನ್ನ ಕ್ಷೌರದಂಗಡಿಯವನು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುವ ರೀತಿ, ಎಲ್ಲ ಬರೆದಿದ್ದೇನೆ. ಚೆನ್ನಾಗಿ ಬಂದಿದೆ. ಊಟದ ಹೊತ್ತಿಗೆ ಅಮ್ಮನಿಗೆ ಓದಿ ಹೇಳಿದೆ. ಅಮ್ಮ “ಚೆನ್ನಾಗಿದೆ ಕಣಮ್ಮ” ಅಂದು ತಂಗಿಯ ಕೈಗವಸಿಗೆ ಹೊಲಿಗೆ ಹಾಕುವುದನ್ನು ಮುಂದುವರಿಸಿದಳು. ತಂಗಿಯೇ ಬಾಯಿ ಹಾಕಿದಳು.

“ಗಡಿಯಾರ ಇರ್ಲಿ ಅಕ್ಕ. ಅಲ್ಲಿ ರಸ್ತೆ ಯಾವ ಕಡೆ ವಾಲಿದೆ?”

“ರಸ್ತೆ ಎಲ್ಲಿ ವಾಲುತ್ತೆ?”

“ಎಲ್ಲಾ ರಸ್ತೆನೂ ವಾಲಿರುತ್ತೆ. ನಡೆಯೋರಿಗೆ ಗೊತ್ತಾಗಲ್ಲ ಅಷ್ಟೆ. ಬಲಕ್ಕೆ ವಾಲಿದ್ರೆ ಗಾಡಿ ಬಲಕ್ಕೇ ಎಳೆಯುತ್ತೆ, ನಾನು ದಾರಿ ಉದ್ದಕ್ಕೂ ಒಂದು ಕೈಯಲ್ಲಿ ಜಾಸ್ತಿ ನೂಕ್ತಾ ಸಾಯಬೇಕು.”

“ನಾನು ಬರೀತಿರೋದು ಕೈಪಿಡಿಗೆ. ನಿನ್ನ ಗಾಡಿಗಲ್ಲ.”

“ಅಯ್ಯೋ, ಕವಯಿತ್ರಿಗೆ ಕೋಪ ಬಂತು” ಅಂದಳು. ಅಪ್ಪ ನಕ್ಕರು. ಅವಳು ಏನಂದರೂ ಅಪ್ಪನಿಗೆ ನಗು.

ಫೆಬ್ರವರಿ 13, ಗುರುವಾರ

ಒಂಬತ್ತರಿಂದ ಹದಿನಾರು. ಹೋಗುವಾಗ ಒಂದು ಗೋಲಿ ಕೊಂಡೆ, ಸುಮ್ಮನೆ ಕುತೂಹಲಕ್ಕೆ. ರಸ್ತೆಯ ಮೇಲಿಟ್ಟರೆ ಯಾವ ಕಡೆ ವಾಲಿದೆಯೋ ಆ ಕಡೆ ಉರುಳುತ್ತದೆ. ಗ್ರಂಥಾಲಯದ ಮುಂದೆ ಎಡಕ್ಕೆ, ಆಸ್ಪತ್ರೆಯ ತಿರುವಿನಲ್ಲಿ ಬಲಕ್ಕೆ, ಅದೂ ಜೋರಾಗಿ. ಬಟ್ಟೆಯಂಗಡಿಯವರೊಬ್ಬರು ಹೊರಗೆ ಬಂದು “ಏನಾದ್ರೂ ಕಳ್ಕೊಂಡ್ರಾ?” ಎಂದು ಕೇಳಿದರು. ಕಿವಿ ಬಿಸಿಯಾಗಿ ಅಲ್ಲಿಂದ ಓಡಿಬಂದೆ.

ಫೆಬ್ರವರಿ 19, ಬುಧವಾರ

ಪತ್ರಿಕೆಯಲ್ಲಿ ತಂಗಿಯ ಚಿತ್ರ ಬಂದಿದೆ. ಕ್ರೀಡಾಂಗಣದಲ್ಲಿ ಗಾಡಿಯೊಳಗೆ ಬಾಗಿ ಕೂತಿದ್ದಾಳೆ, ಹೆಲ್ಮೆಟ್ಟಿನ ಕೆಳಗೆ ಕಣ್ಣು ಮಾತ್ರ. ಬಲಗಡೆಯ ಅಂಚಿನಲ್ಲಿ ಗಾಳಿ ಹೊಡೆಯುವ ಪಂಪು ಹಿಡಿದ ಒಂದು ಕೈಯಿದೆ. ಆ ಕೈ ನನ್ನದು. ಮಣಿಕಟ್ಟಿನವರೆಗೆ ಬಂದಿದ್ದೇನೆ. ಅಮ್ಮ ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸುವಾಗ ಚಿತ್ರ ಸೊಟ್ಟಗಾಯಿತೆಂದು ಅಂಚನ್ನು ನೇರ ಮಾಡಿದಳು. ಪಂಪು ಉಳಿಯಿತು, ಕೈ ಹೋಯಿತು.

ಫೆಬ್ರವರಿ 25, ಮಂಗಳವಾರ

ಮೂವತ್ನಾಲ್ಕರಿಂದ ಮೂವತ್ತೊಂಬತ್ತು.

ಮೂವತ್ತೆಂಟರ ಹತ್ತಿರ ರಸ್ತೆ ಇಳಿಜಾರಾಗಿ ರೈಲ್ವೆ ಸೇತುವೆಯ ಕೆಳಗೆ ನುಗ್ಗುತ್ತದೆ. ಇಳಿಜಾರು ಮುಗಿಯುವಲ್ಲಿ, ರಸ್ತೆಯ ನಡುವೆ, ಮಳೆನೀರು ಹೋಗುವ ಕಬ್ಬಿಣದ ಜಾಲರಿ ಇದೆ. ಅದರ ಸರಳುಗಳು ರಸ್ತೆಗೆ ಅಡ್ಡಲಾಗಿಲ್ಲ, ರಸ್ತೆಯ ಉದ್ದಕ್ಕೇ ಇವೆ. ಓಡುವವರ ಬೂಟು ಅದರ ಮೇಲೆ ದಾಟಿಹೋಗುತ್ತದೆ. ಸರಳುಗಳ ನಡುವೆ ನನ್ನ ಎರಡು ಬೆರಳು ಸಲೀಸಾಗಿ ಇಳಿದವು. ತಂಗಿಯ ಚಕ್ರ ಒಂದು ಬೆರಳಿನಷ್ಟು ದಪ್ಪ. ಇಳಿಜಾರಿನಲ್ಲಿ ಅವಳು ಕಾರಿನಷ್ಟು ವೇಗದಲ್ಲಿ ಬರುತ್ತಾಳೆ.

ಜಾಲರಿಯ ಬಲಕ್ಕೆ ತೇಪೆ ಹಾಕಿದ ಡಾಂಬರು, ಗುಂಡಿ ಗುಂಡಿ. ಎಡಕ್ಕೆ ಪಾದಚಾರಿ ಕಟ್ಟೆಯವರೆಗೆ ನುಣ್ಣನೆಯ ಸಿಮೆಂಟಿನ ಪಟ್ಟಿ. ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮನೆಗೆ ಹೋದ ಕೂಡಲೇ ಹೇಳಬೇಕೆಂದುಕೊಂಡೆ.

ಮನೆಯಲ್ಲಿ ಅವಳ ಭುಜಕ್ಕೆ ಎಣ್ಣೆ ನೀವುತ್ತಿದ್ದರು. ದೊಡ್ಡಮ್ಮ ಬಂದಿದ್ದರು. “ನೋಡು, ನಿನ್ನ ತಂಗಿ ಕೂತಲ್ಲೇ ಜಗತ್ತು ಗೆಲ್ತಾಳೆ. ಕೈಕಾಲು ನೆಟ್ಟಗಿರೋ ನೀನು ಏನಮ್ಮಾ ಮಾಡ್ಕೊಂಡಿದೀಯ?” ಅಂದರು. ಅಮ್ಮ ಎಣ್ಣೆ ಬಟ್ಟಲು ಕೊಡು ಅಂದಳು.

“ಇವತ್ತು ಏನ್ ನೋಡಿದೆ ಅಕ್ಕ?” ಅಂತ ತಂಗಿ ಕೇಳಿದಳು.

“ಮರಗಳು” ಅಂದೆ.

ಫೆಬ್ರವರಿ 27, ಗುರುವಾರ

ರಸ್ತೆ ನೋಡಿಕೊಳ್ಳಲು ಕಚೇರಿಯಲ್ಲೇ ಒಬ್ಬರಿದ್ದಾರೆ. ನನ್ನ ಕೆಲಸ ಕಾಗುಣಿತ.

ಮಾರ್ಚ್ 1, ಶನಿವಾರ

ಎರಡು ಸಲ ಓಟ ಗೆದ್ದ ಪರದೇಶದ ಓಟಗಾರರೊಬ್ಬರು ಬಂದಿದ್ದಾರೆ. ಪರಿಚಯ ಬರೆಯಲು ಹೋಟೆಲಿಗೆ ಕಳಿಸಿದರು. ಕಡ್ಡಿಯಂಥ ಮನುಷ್ಯ, ನನಗಿಂತ ನಾಚಿಕೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ, ಇಬ್ಬರೂ ಬಹಳ ಹೊತ್ತು ಕಿಟಕಿ ನೋಡಿದೆವು. ಒಬ್ಬ ಅಕ್ಕ ಇದ್ದಾಳೆ ಅಂದರು. ಅವಳೇನು ಮಾಡುತ್ತಾಳೆ ಎಂದು ಕೇಳಿದೆ. ಯೋಚಿಸಿ ಯೋಚಿಸಿ, “ನನ್ನ ಪೆಟ್ಟಿಗೆ ಜೋಡಿಸಿಕೊಡ್ತಾಳೆ” ಅಂದರು.

ಪರಿಚಯದಲ್ಲಿ ಆ ಅಕ್ಕನಿಗೆ ಒಂದು ಪೂರ್ತಿ ವಾಕ್ಯ ಕೊಟ್ಟೆ. ಸೀಟಿ ಅದನ್ನು ಹೊಡೆದುಹಾಕಿದರು. ದಾರಿಯ ವಿವರವನ್ನೂ ಒಂಬತ್ತು ಸಾಲಿಗೆ ಇಳಿಸಿದರು. ಆ ಪುಟಕ್ಕೆ ಬೂಟಿನ ಜಾಹೀರಾತು ಬಂದಿದೆಯಂತೆ.

ಮಾರ್ಚ್ 6, ಗುರುವಾರ

ಸಂಜೆ ತಂಗಿ ಬಿದ್ದಳು. ಮನೆಯ ಹಿಂದಿನ ರಸ್ತೆಯಲ್ಲೇ, ಸಿಮೆಂಟಿನ ಬಿರುಕಿಗೆ ಮುಂದಿನ ಚಿಕ್ಕ ಚಕ್ರ ಸಿಕ್ಕಿ. ದೊಡ್ಡ ವೇಗವೇನಿರಲಿಲ್ಲ. ಗಾಡಿ ಮಗುಚಿತು, ಅವಳು ಅದರೊಳಗೇ ಸಿಕ್ಕಿಕೊಂಡಿದ್ದಳು. ಗಾಡಿಗೆ ಕಾಲು ಕಟ್ಟಿಕೊಂಡಿರುತ್ತಾಳಲ್ಲ. ಮೊಣಕೈಯಿಂದ ಮುಂಗೈಯವರೆಗೆ ಚರ್ಮ ಕಿತ್ತುಬಂದಿತ್ತು. ನಾನು ಬೆಲ್ಟು ಬಿಚ್ಚುವಾಗ “ಹುಷಾರು ಕಣೆ, ಹೊಸ ಚಕ್ರ!” ಎಂದು ಬೈದಳು. ನಗುತ್ತಲೂ ಇದ್ದಳು. ಹಲ್ಲಿನ ಮೇಲೆ ರಕ್ತ.

ಇದು ಬರೀ ಬಿರುಕು, ಜಾಲರಿಯಲ್ಲ.

ಮಾರ್ಚ್ 7, ಶುಕ್ರವಾರ

ಕಚೇರಿ ತೆರೆಯುವ ಮೊದಲೇ ಹೋಗಿ ರಸ್ತೆ ಸಾಹೇಬರ ಬಾಗಿಲಲ್ಲಿ ನಿಂತೆ. ಅವರು ಟೋಪಿ ತೆಗೆಯುವುದಕ್ಕೂ ಬಿಡದೆ ಎಲ್ಲ ಹೇಳಿದೆ.

“ಅಯ್ಯೋ, ಈಗ ಹೇಳ್ತಿದೀರಲ್ಲ! ಜಾಲರಿ ಮುಚ್ಚೋ ತಗಡೆಲ್ಲ ನಿನ್ನೆ ಬೇರೆ ಕಡೆ ಹಾಕಿಸಿಬಿಟ್ಟೆ. ಹೋದ ವಾರ ಹೇಳಿದ್ರೆ ಮೊದಲು ಅದಕ್ಕೇ ಹಾಕಿಸ್ತಿದ್ದೆ. ಯಾವಾಗ ನೋಡಿದ್ರಿ?”

“ನಿನ್ನೆ” ಅಂದೆ.

ಜಾಲರಿಯ ಸುತ್ತ ಹಳದಿ ಬಣ್ಣ ಬಳಿದು, ಮೇಲೆ ಒಂದು ಕೋನ್ ಇಡಿಸುತ್ತಾರಂತೆ. ಗಾಲಿಯವರಿಗೆಲ್ಲ ಬಲಕ್ಕೆ ಹೋಗಿ ಎಂದು ಮೊದಲೇ ಸೂಚನೆ ಕೊಡುತ್ತಾರಂತೆ. “ನಿಧಾನಕ್ಕೆ ದಾಟಿದ್ರೆ ಏನೂ ಆಗಲ್ಲ ಬಿಡಿ” ಅಂದರು.

ನೋಡಿ ಹತ್ತು ದಿನ. ಎಣಿಸಬಾರದೆಂದುಕೊಂಡೆ, ಎಣಿಸಿದೆ.

ಮಾರ್ಚ್ 10, ಸೋಮವಾರ

ನಾನು ಸ್ನಾನಕ್ಕೆ ಹೋಗಿದ್ದಾಗ ತಂಗಿ ನನ್ನ ನೋಟ್‌ಬುಕ್ ತೆಗೆದು ಓದಿದ್ದಾಳೆ. ಮೈ ಉರಿಯಿತು. ಇದೊಂದಾದರೂ ನನ್ನದಾಗಿರಲಿ ಎಂದರೆ ಅದನ್ನೂ ಬಿಡಲಿಲ್ಲ. ಬಾಯಿಗೆ ಬಂದಂತೆ ಬೈದೆ.

“ಆಯ್ತು, ಮುಗೀತಾ?” ಅಂದಳು. “ಈಗ ಮೊದಲಿಂದ ಓದು. ಗಡಿಯಾರ, ಕ್ಷೌರದಂಗಡಿ ಎಲ್ಲ ಸೇರಿಸಿ. ಅದೆಲ್ಲ ಇದ್ರೆ ಜಾಗ ನೆನಪಿರುತ್ತೆ.”

ಓದಿದೆ. ಅವಳು ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಒರಗಿದ್ದಳು. ಎರಡು ಕೈ ಮಾತ್ರ ಗಾಳಿಯಲ್ಲಿ ಗಾಲಿ ನೂಕುತ್ತಿದ್ದವು. ಗೋಲಿ ಬಲಕ್ಕೆ ಉರುಳಿದಲ್ಲಿ ಬಲಗೈ ಬಿಗಿಯಾಗುತ್ತಿತ್ತು. ನಾನು ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಯಾರಾದರೂ ಕೇಳಿದ್ದು ಇದೇ ಮೊದಲು. ಅದೂ ಇವಳೇ ಆಗಬೇಕಿತ್ತೇ?

ಮೂವತ್ತೆಂಟು ಬಂದಾಗ ಕಣ್ಣು ಬಿಟ್ಟಳು.

“ಎಡಗಡೆ ಪಟ್ಟಿ ಎಷ್ಟು ಅಗಲ?”

“ಎರಡು ಮೂರು ಅಡಿ.”

“ಎರಡಾ, ಮೂರಾ? ಎರಡಾದ್ರೆ ನಾನು ಗೋಡೆಗೆ ಚಿತ್ರ.”

ಮಾರ್ಚ್ 11, ಮಂಗಳವಾರ

ಟೇಪು ಹಿಡಿದು ಅಳೆದೆ. ತೊಂಬತ್ತು ಸೆಂಟಿಮೀಟರು. ಅವಳ ಗಾಡಿ ಎಪ್ಪತ್ತು. ಒಂದು ಗಾಡಿ ಹೋಗಬಹುದು, ಎರಡು ಹೋಗಲಾರವು.

ತಂಗಿಯ ಮುಖ ಅರಳಿತು. “ಎಲ್ಲರೂ ಹೆದರಿ ಬಲಕ್ಕೆ ಹೋಗಿ ಗುಂಡೀಲಿ ಕುಣೀತಾರೆ. ನಾನು ಎಡಗಡೆಯಿಂದ ಸುಯ್ ಅಂತ. ಯಾರ ಹತ್ರನೂ ಬಾಯಿ ಬಿಡಬೇಡ.”

“ನಾನು ಯಾರ ಹತ್ರ ಮಾತಾಡ್ತೀನಿ?”

“ಅದೂ ನಿಜ” ಅಂದಳು.

ಮಾರ್ಚ್ 14, ಶುಕ್ರವಾರ

ದಿನಾ ಸಂಜೆ ಓದುತ್ತೇವೆ. ಈಗ ನೋಟ್‌ಬುಕ್ ನೋಡಬೇಕಾಗಿಯೇ ಇಲ್ಲ. “ಸೇತುವೆಯ ನೆರಳು ಕಂಡ ಕೂಡಲೇ ಎಡಕ್ಕೆ, ಎಡಕ್ಕೆ, ಕಟ್ಟೆಗೆ ಅಂಟಿಕೊಂಡು” ಎಂದು ನಾನು ಹೇಳುವಾಗ ಅವಳೂ ಜೊತೆಗೆ ಹೇಳುತ್ತಾಳೆ. ಬಾಗಿಲಲ್ಲಿ ನಿಂತು ಅಪ್ಪ ಕೇಳಿಸಿಕೊಳ್ಳುತ್ತಾರೆ. ಕೊನೆಗೆ ಬೆನ್ನು ತಟ್ಟುವುದು ಅವಳನ್ನು.

ನೀಲಿ ಹೆಲ್ಮೆಟ್ಟಿನವಳೊಬ್ಬಳು ಬಂದಿದ್ದಾಳಂತೆ. ಮೂರನೇ ಸ್ಥಾನಕ್ಕೆ ಪೈಪೋಟಿ ಇವರಿಬ್ಬರ ನಡುವೆಯೇ ಎಂದು ಎಲ್ಲರೂ ಹೇಳುತ್ತಾರೆ. ನೋಡಲು ತುಂಬ ಚೆನ್ನಾಗಿದ್ದಾಳೆ. ನಗುವಾಗ ಕೆನ್ನೆ ಗುಳಿ ಬೀಳುತ್ತದೆ.

ಮಾರ್ಚ್ 16, ಭಾನುವಾರ

ಎಲ್ಲವನ್ನೂ ಆದ ಹಾಗೆಯೇ ಬರೆಯುತ್ತೇನೆ.

ನನಗೆ ಮುಕ್ತಾಯದ ಗೆರೆಯ ಹತ್ತಿರ ಕೆಲಸವಿತ್ತು. ಸೀಟಿಯನ್ನು ಕೇಳಿ ಸೇತುವೆಯ ಹತ್ತಿರ ಹಾಕಿಸಿಕೊಂಡೆ. ಅಲ್ಲಿ ನೀರು ಕೊಡುವ ಎಂಟು ಹತ್ತು ಸ್ವಯಂಸೇವಕರಿದ್ದರು. ಜಾಲರಿಯ ಸುತ್ತ ಹಳದಿ ಬಣ್ಣವಿತ್ತು, ಮೇಲೆ ಕೋನ್ ಇತ್ತು. ಚೆನ್ನಾಗಿ ಕಾಣಲೆಂದು ನಾನು ಪಾದಚಾರಿಗಳ ಮೆಟ್ಟಿಲು ಹತ್ತಿ ಮೇಲೆ ನಿಂತೆ.

ಗಾಲಿಕುರ್ಚಿಯವರನ್ನು ಎಲ್ಲರಿಗಿಂತ ಮೊದಲು ಬಿಟ್ಟಿದ್ದರು. ಗಂಡಸರು ಬಂದರು, ಬಲಕ್ಕೆ ತಿರುಗಿ ಗುಂಡಿಗಳಲ್ಲಿ ಕುಣಿಯುತ್ತ ಹೋದರು. ಆಮೇಲೆ ಹೆಂಗಸರಲ್ಲಿ ಮೊದಲ ಇಬ್ಬರು, ಅವರೂ ಬಲಕ್ಕೆ. ಆಮೇಲೆ ಯಾರೂ ಇಲ್ಲ. ನಾಲ್ಕು ನಿಮಿಷ, ಐದು ನಿಮಿಷ. ಓಟಗಾರರ ಗುಂಪು ಬರುವ ಮುಂಚೆ ಎಂದು ಸ್ವಯಂಸೇವಕರು ರಸ್ತೆಯ ಮೇಲಿನ ಲೋಟ, ಬಾಟಲಿ ಎಲ್ಲ ಗುಡಿಸತೊಡಗಿದರು. ಬಕೆಟ್ಟಿನಲ್ಲಿ ಉಳಿದ ನೀರನ್ನು ಯಾರೋ ರಸ್ತೆಗೆ ಸುರಿದರು. ಪಕ್ಕದಲ್ಲಿ ಕಟ್ಟುತ್ತಿರುವ ಕಟ್ಟಡದ ಮಣ್ಣು ಕೆಸರಾಗಿ ಹರಿದು ಹಳದಿ ಬಣ್ಣದ ಮೇಲೆ ಕೂತಿತು. ನಾನು ಇಳಿಜಾರಿನ ಮೇಲುತುದಿಯನ್ನೇ ನೋಡುತ್ತಿದ್ದೆ. ಮತ್ತೆ ಕೆಳಗೆ ನೋಡಿದಾಗ ಕೋನ್ ಇಲ್ಲ. ತಲೆಕೆಳಗಾಗಿ ಬೇಲಿಗೆ ಸಿಕ್ಕಿಸಿ ಅದರೊಳಗೆ ಖಾಲಿ ಲೋಟ ತುಂಬುತ್ತಿದ್ದರು.

“ಕೋನ್! ಕೋನ್ ಯಾಕೆ ತೆಗೆದ್ರಿ?” ಎಂದು ಮೆಟ್ಟಿಲು ಹಾರಿಕೊಂಡು ಬಂದೆ.

“ಗಾಲಿಯೋರು ಮುಗಿದ್ರಲ್ಲ ಮೇಡಂ” ಅಂದಳೊಬ್ಬಳು.

ಅಷ್ಟರಲ್ಲಿ ಮೇಲಿನಿಂದ ಆ ಸದ್ದು. ಗಾಲಿಯ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ನೀಲಿ ಹೆಲ್ಮೆಟ್ ಮುಂದೆ, ಅವಳ ಬೆನ್ನಿಗೆ ಅಂಟಿಕೊಂಡಂತೆ ತಂಗಿ. ಬೇಲಿಯಿಂದ ಕೋನ್ ಎಳೆದೆ, ಬರಲಿಲ್ಲ. ಓಡಿಹೋಗಿ ಜಾಲರಿಯ ಮೇಲೆ ನಾನೇ ನಿಂತುಬಿಟ್ಟೆ, ಎರಡೂ ಕೈ ಚಾಚಿ. ಯಾರೋ “ರಸ್ತೆ ಬಿಡಿ ಮೇಡಂ!” ಎನ್ನುತ್ತಿದ್ದರು.

ನಾನು ಕಿರುಚಿದೆ. ನನಗೆ ಅಂಥ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಸೇತುವೆಯ ಕೆಳಗೆ ಅದು ನಾಲ್ಕು ಪಟ್ಟಾಗಿ ಕೇಳಿಸಿತು. ನಾಲ್ಕೈದು ಸಂಜೆ ಬಾಯಲ್ಲಿ ಇದ್ದ ಮಾತೇ ಬಾಯಿಗೆ ಬಂತು: “ಎಡಕ್ಕೆ! ಎಡಕ್ಕೆ! ಕಟ್ಟೆಗೆ ಅಂಟ್ಕೊಂಡು!”

ನೀಲಿ ಹೆಲ್ಮೆಟ್ ಒಂದು ಕ್ಷಣ ತಲೆಯೆತ್ತಿ ನನ್ನನ್ನು ನೋಡಿ, ಎಡಕ್ಕೆ ತಿರುಗಿ, ಆ ನುಣ್ಣನೆಯ ಪಟ್ಟಿಯ ಮೇಲೆ ಬಾಣದ ಹಾಗೆ ಹೋದಳು. ತಂಗಿ ಆ ಹೊತ್ತಿಗಾಗಲೇ ಎಡಕ್ಕೆ ಸರಿಯತೊಡಗಿದ್ದಳು. ಒಂದೇ ಗಾಡಿ ಹಿಡಿಸುವ ಜಾಗ. ಬ್ರೇಕು ಹಾಕಿ ಅವಳ ಹಿಂದೆ ಉಳಿದಳು. ಗಾಲಿ ಕೀರಲಿಟ್ಟಿತು. ನನ್ನ ಪಕ್ಕದಿಂದ ಹೋಗುವಾಗ ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟವನ್ನು ಬರೆಯಲಾರೆ.

ಅರ್ಧ ಸೆಕೆಂಡು. ನಾಲ್ಕನೇ ಸ್ಥಾನ.

ಮನೆಗೆ ಬರುವಾಗ ವ್ಯಾನು ಓಡಿಸುತ್ತಿದ್ದುದು ಅಪ್ಪ, ನಾನು ತಂಗಿ ಹಿಂದೆ ಕೂತಿದ್ದೆವು.

“ಯಾರು ಹೇಳಿದ್ರು ನಿನಗೆ ಕಿರುಚು ಅಂತ?” ಅಂದಳು ಅರ್ಧ ದಾರಿ ಕಳೆದ ಮೇಲೆ. “ಇಪ್ಪತ್ತು ವರ್ಷದಿಂದ ಬಾಯಿ ಬಿಡದೋಳು, ಇವತ್ತೇ ಬಿಡಬೇಕಿತ್ತಾ?”

“ಕೋನ್ ಇರಲಿಲ್ಲ. ಅವಳು ನೇರ ಜಾಲರಿಗೆ ಹೋಗಿದ್ರೆ? ಅವಳ ಹಿಂದೆ ನೀನಿದ್ದೆ.”

“ಅವಳು ಬಲಕ್ಕೆ ಹೋಗ್ತಿದ್ಲು! ಎಲ್ಲರಿಗೂ ಹೇಳಿದ್ರು ಬಲಕ್ಕೆ ಅಂತ!”

“ಹೋಗ್ದೇ ಇದ್ದಿದ್ರೆ?”

ಅವಳು ಕೈಗವಸು ಬಿಚ್ಚಲು ಹೋದರೆ ಬರಲಿಲ್ಲ, ಹಲ್ಲಿನಿಂದ ಎಳೆದಳು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದಳು:

“ಆ ಜಾಲರಿ ನೀನು ನೋಡಿದ್ದು ಇಪ್ಪತ್ತೈದನೇ ತಾರೀಖು. ನೋಟ್‌ಬುಕ್ಕಲ್ಲಿದೆ. ರಸ್ತೆ ಸಾಹೇಬರಿಗೆ ಹೇಳಿದ್ದು ನಾನು ಬಿದ್ದ ಮಾರನೇ ದಿನ. ಆವತ್ತು ಮನೇಲಿ ನೀನೇ ಹೇಳಿದೆ.”

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು.

“ಗೊತ್ತಿತ್ತಾ ನಿನಗೆ? ಮತ್ಯಾಕೆ ಕೇಳಲಿಲ್ಲ?”

“ಕೇಳಿದ್ರೆ ಅಳ್ತಾ ಕೂರ್ತಿದ್ದೆ. ಆಮೇಲೆ ಅಳತೆ ಯಾರು ತರ್ತಿದ್ರು?”

ಮನೆ ಬಂದಾಗ ಇಳಿಯಲು ಎಂದಿನಂತೆ ನನ್ನ ಕುತ್ತಿಗೆಗೆ ಕೈ ಹಾಕಲಿಲ್ಲ. ಅಪ್ಪನನ್ನು ಕರೆದಳು.

ಮಾರ್ಚ್ 18, ಮಂಗಳವಾರ

ತಂಗಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಒಂದೇ ಮೇಜಿನಲ್ಲಿ ಎದುರೆದುರು ಕೂತು “ಅಮ್ಮಾ, ಪಂಪು ಎಲ್ಲಿಟ್ಟಿದಾಳೆ ಅಂತ ಕೇಳು” ಅನ್ನುತ್ತಾಳೆ. “ಬಾಗಿಲ ಹಿಂದೆ ಅಂತ ಹೇಳಮ್ಮ” ಅನ್ನುತ್ತೇನೆ. ಅಮ್ಮ ಇಬ್ಬರಿಗೂ ಬೈಯುತ್ತಾಳೆ. ಮೊದಲ ಆಯ್ಕೆ ಸುತ್ತು ಮೇ ತಿಂಗಳಲ್ಲಂತೆ, ಬೇರೆ ಊರಿನಲ್ಲಿ. ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಸುಮ್ಮನೆ ವಿಚಾರಿಸಿಕೊಂಡು ಬಂದೆ. ಆರು ಗಂಟೆಗೊಂದಿದೆ.

ಕಚೇರಿಯಲ್ಲಿ ಇವತ್ತು ಗೆದ್ದವರ ಬಗ್ಗೆ ಬರೆಯುವ ಕೆಲಸ. ಆ ಕಡ್ಡಿಯಂಥ ಓಟಗಾರರು ಮೂರನೇ ಸಲ ಗೆದ್ದಿದ್ದಾರೆ, ಅವರ ಬಗ್ಗೆ ಒಂದು ಪುಟ ಬರೆದೆ. ಗಾಲಿಕುರ್ಚಿಯ ಮೊದಲ ಇಬ್ಬರ ಬಗ್ಗೆ ಅರ್ಧರ್ಧ ಪುಟ. ಮೂರನೆಯವಳ ಹೆಸರು, ಸಮಯ ಬರೆದು ಪೆನ್ನು ಕೆಳಗಿಟ್ಟೆ.

ಸೀಟಿ ಬಂದು ನೋಡಿದರು. “ಇಷ್ಟೇನಾ? ಇವರ ಬಗ್ಗೆ ಬರೆಯೋಕೆ ಎಷ್ಟೊಂದಿದೆ! ಸೇತುವೆ ಕೆಳಗೆ ಎಷ್ಟು ಜಾಣತನದಿಂದ ಎಡಗಡೆ ದಾರಿ ಹಿಡಿದ್ರು ನೋಡಿ. ಬೇರೆ ಯಾರಿಗೂ ಹೊಳೆದಿರಲಿಲ್ಲ.”

“ಆ ದಾರಿ ಅವರದಲ್ಲ” ಅಂದೆ. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿತ್ತು. “ಅದು ನನ್ನ ತಂಗಿ ದಾರಿ. ತೊಂಬತ್ತು ಸೆಂಟಿಮೀಟರು. ಅವಳು ಐದು ದಿನ ಕಣ್ಣು ಮುಚ್ಚಿ ಕಲಿತಿದ್ದು.”

ಸೀಟಿ ಗಡಿಯಾರ ನೋಡಿ, “ನೂರು ಪದ. ಊಟಕ್ಕೆ ಮುಂಚೆ” ಎಂದು ಹೋದರು.

ಮೇಜಿನ ಮೇಲೆ ನೀಲಿ ಹೆಲ್ಮೆಟ್ಟಿನವಳ ಚಿತ್ರ ಇದೆ. ಪದಕವನ್ನು ಕೆನ್ನೆಗೆ ಒತ್ತಿಕೊಂಡು ನಗುತ್ತಿದ್ದಾಳೆ, ಆ ಗುಳಿ ಬೀಳಿಸಿಕೊಂಡು. ಅವಳ ಹಿಂದೆ ಅವಳ ಮನೆಯವರೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ನಡುವೆ ನನ್ನ ವಯಸ್ಸಿನವಳೊಬ್ಬಳು, ಅಕ್ಕನೇ ಇರಬೇಕು, ಹಲ್ಲು ಕಿಸಿದುಕೊಂಡು ಇಡೀ ಚಿತ್ರಕ್ಕೆ ತಾನೇ ಒಡತಿ ಎಂಬಂತೆ ನಿಂತಿದ್ದಾಳೆ. ನೂರು ಪದ ಬರೆದುಕೊಟ್ಟೆ. ಒಂದೊಂದು ಪದಕ್ಕೂ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ನಾನು ಹುಟ್ಟಿದಾಗಿನಿಂದ ಯಾರನ್ನು ಕಂಡೂ ಹೀಗೆ ಕರುಬಿದವಳಲ್ಲ.